ಪ್ರಣಯದ ಚಿತ್ರಕಥೆಗಳು

ಚಿತ್ರಕಥೆಗಳೆಂದರೆ ನಮ್ಮ ಮನೆಗಳ ಹಿರಿಯರಿಗೆ ಒಂದು ಬಗೆಯ ತಾತ್ಸಾರ. ಅವು ಪ್ರಣಯವನ್ನು ಹೇಳುವಂಥವಾದರೆ ತಾತ್ಸಾರದೊಡನೆ ಭಯವೂ ಸೇರುತ್ತಿತ್ತು. ಬಣ್ಣದ ಚಿತ್ರ, ಅದರೊಳಗೆ ಮಾತಿನ ಗುಳ್ಳೆ, ಕಣ್ಣೀರು ಸುರಿಸುವ ನಾಯಿಕೆ, ಇವೆಲ್ಲವೂ ಪರದೇಶದಿಂದ ಬಂದ ವ್ಯಸನವೆಂದು ನಾನೂ ಬಹುಕಾಲ ನಂಬಿದ್ದೆನು. ಆ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಪರದೇಶದ ವೃತ್ತಾಂತವನ್ನು ಮೊದಲು ಹೇಳಿಬಿಡುವೆನು. ಅಮೆರಿಕದಲ್ಲಿ ಜೋ ಸೈಮನ್, ಜ್ಯಾಕ್ ಕರ್ಬಿ ಎಂಬಿಬ್ಬರು ೧೯೪೭ರಲ್ಲಿ ‘ಯಂಗ್ ರೊಮಾನ್ಸ್’ ಎಂಬ ಚಿತ್ರಕಥಾಪತ್ರಿಕೆಯನ್ನು ಹೊರಡಿಸಿದರು. ಅದುವರೆಗೆ ಸಾಹಸಿಗಳೂ ಅಪರಾಧಿಗಳೂ ತುಂಬಿದ್ದ ಪುಟಗಳಿಗೆ ತರುಣಿಯೊಬ್ಬಳು ಬಂದು, ತಾನು ಯಾರಿಗೆ ಒಲಿದೆನು, ಹೇಗೆ ಮೋಸಹೋದೆನು ಎಂಬುದನ್ನು ತನ್ನ ಬಾಯಿಂದಲೇ ಹೇಳತೊಡಗಿದಳು. (ಬರೆಯುತ್ತಿದ್ದವರು ಬಹುಮಟ್ಟಿಗೆ ಗಂಡಸರೇ ಎಂಬುದು ಬೇರೆಯ ಮಾತು.) ಮೂರು ವರ್ಷಗಳೊಳಗಾಗಿ ಇಂತಹ ಪತ್ರಿಕೆಗಳು ನೂರನ್ನು ಮೀರಿದವು. ೧೯೫೪ರಲ್ಲಿ ಪ್ರಕಾಶಕರೇ ಕೂಡಿ ಮಾಡಿಕೊಂಡ ನಿಯಮಾವಳಿಯು, ಪ್ರಣಯಕಥೆಗಳು ಗೃಹದ ಬೆಲೆಯನ್ನೂ ವಿವಾಹದ ಪಾವಿತ್ರ್ಯವನ್ನೂ ಎತ್ತಿಹಿಡಿಯತಕ್ಕದ್ದೆಂದು ವಿಧಿಸಿತು. ‘ಯಂಗ್ ರೊಮಾನ್ಸ್’ ೧೯೭೫ರಲ್ಲಿ ನಿಂತುಹೋಯಿತು.

ನಮ್ಮಲ್ಲಿಗೆ ಪ್ರಣಯದ ಚಿತ್ರಕಥೆ ಬಂದುದು ಬೇರೊಂದು ದಾರಿಯಿಂದ. ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಸೂಚನೆಯಂತೆ ಇಂಡಿಯಾ ಬುಕ್ ಹೌಸಿನವರು ೧೯೬೫ರಲ್ಲಿ ‘ಅಮರ ಚಿತ್ರಕಥೆ’ಯನ್ನು ಆರಂಭಿಸಿದಾಗ ಮೊದಲ ಪುಸ್ತಕಗಳು ಅಚ್ಚಾದುದು ಕನ್ನಡದಲ್ಲಿ, ಕಥೆಗಳು ಮಾತ್ರ ಪಾಶ್ಚಾತ್ಯರವು. ಮಾಲೆಯನ್ನು ನಮ್ಮ ಪುರಾಣಕಾವ್ಯಗಳ ಕಡೆಗೆ ತಿರುಗಿಸಿದವರು ಅನಂತ ಪೈಗಳು (೧೯೨೯–೨೦೧೧). ಅವರು ಹುಟ್ಟಿದುದು ನಮ್ಮ ಘಟ್ಟದ ಕೆಳಗಿನ ಕಾರ್ಕಳದಲ್ಲಿ. ೧೨ನೆಯ ಸಂಖ್ಯೆಯಾಗಿ ಶಕುಂತಲೆಯೂ ೧೬ನೆಯದಾಗಿ ನಳದಮಯಂತಿಯರೂ ಬಂದರು. ಮಳೆಗಾಲದ ತಾಳಮದ್ದಲೆಯಲ್ಲಿ ಕಿವಿಯಿಂದ ಮಾತ್ರ ಕಂಡಿದ್ದ ದಮಯಂತಿಯನ್ನು ಮಲೆನಾಡಿನ ಮಕ್ಕಳು ಕಾಗದದ ಮೇಲೆ ಕಣ್ಣಾರೆ ಕಂಡರು.

ಆದರೆ ಚಿತ್ರದಿಂದ ವಿರಹವನ್ನು ಹೇಳುವುದು ನಮಗೆ ಹೊಸದೇ? ಭವಭೂತಿಯ ಉತ್ತರರಾಮಚರಿತದ ಪ್ರಥಮಾಂಕವನ್ನು ವಾಚಕರು ನೆನೆಯಬೇಕು. ರಾಮಸೀತೆಯರ ಜೀವಿತವನ್ನೇ ಬರೆದಿರುವ ಚಿತ್ರಗಳನ್ನು ಲಕ್ಷ್ಮಣನು ಅವರಿಗೆ ಒಂದೊಂದಾಗಿ ತೋರಿಸುತ್ತ ಹೋಗುತ್ತಾನೆ. ವಿವಾಹದ ಚಿತ್ರಕ್ಕೆ ಹರ್ಷ. ಶೂರ್ಪಣಖಿಯ ಚಿತ್ರ ಬಂದೊಡನೆ ಸೀತೆ ನಡುಗುತ್ತಾಳೆ. ಇದು ಬರಿಯ ಚಿತ್ರವೆಂದು ರಾಮನೇ ಅವಳಿಗೆ ನೆನಪಿಸಬೇಕಾಗುತ್ತದೆ. ಜನಸ್ಥಾನದ ಚಿತ್ರದ ಮುಂದೆ ಆ ರಾಮನಿಗೇ ಕಣ್ಣೀರು. ಅಂಕವು ಮುಗಿಯುವಷ್ಟರಲ್ಲಿ ನಿಜವಾದ ಅಗಲಿಕೆಯೇ ಬಂದು ನಿಲ್ಲುತ್ತದೆ. ಕಾಳಿದಾಸನ ದುಷ್ಯಂತನಂತೂ ಆರನೆಯ ಅಂಕದಲ್ಲಿ, ತಾನೇ ಬರೆದ ಶಕುಂತಲೆಯ ಚಿತ್ರದೊಳಗಿನ ದುಂಬಿಯನ್ನು ಗದರಿಸುತ್ತಾನೆ! ಇನ್ನು ನಾಯಿಕೆಯ ತಲೆಯ ಮೇಲೆ ತೇಲುವ ಆಲೋಚನೆಯ ಗುಳ್ಳೆ: ಪಕ್ಕದಲ್ಲಿರುವವರಿಗೆ ಕೇಳಿಸದೆ ನಮಗೆ ಮಾತ್ರ ಕೇಳಿಸುವ ಆ ಮಾತು ನಮ್ಮ ನಾಟಕಗಳ ‘ಸ್ವಗತ’ವಲ್ಲದೆ ಮತ್ತೇನು?

ಅಮೆರಿಕದವರ ನಿಯಮಾವಳಿಯನ್ನು ಕಂಡು ನಗುವ ಮೊದಲು ಇನ್ನೊಂದನ್ನೂ ನೆನೆಯಬೇಕು. ಮಹಾಭಾರತದ ದುಷ್ಯಂತನು ಎಲ್ಲವನ್ನೂ ಬಲ್ಲವನಾಗಿಯೇ ಶಕುಂತಲೆಯನ್ನು ಅರಿಯೆನೆನ್ನುತ್ತಾನೆ. ದೂರ್ವಾಸರ ಶಾಪವನ್ನೂ ಉಂಗುರವನ್ನೂ ತಂದು ಅರಸನ ಮರ್ಯಾದೆಯನ್ನು ಉಳಿಸಿದವನು ಕಾಳಿದಾಸ. ಚಿತ್ರಕಥೆಯವರು ಅವನನ್ನೇ ಅನುಸರಿಸಿದರು.

ಇಷ್ಟನ್ನೂ ಪಾಠಶಾಲೆಯಲ್ಲಿ ಓದಿ ಬಂದವನಾಗಿಯೂ ನಾನು ಉಪಾಧ್ಯಾಯನಾದ ಹೊಸದರಲ್ಲಿ, ಪಠ್ಯಪುಸ್ತಕದ ಮರೆಯಲ್ಲಿ ಶಕುಂತಲೆಯ ಚಿತ್ರಕಥೆಯನ್ನು ಓದುತ್ತಿದ್ದ ಬಾಲಿಕೆಯೊಬ್ಬಳ ಕೈಯಿಂದ ಅದನ್ನು ಕಸಿದುಕೊಂಡೆನು. ಪ್ರೇಮಕಥೆ ನಿನಗೇಕೆಂದು ಎಲ್ಲರೆದುರಿಗೆ ಕೇಳಿದೆನು. ಅವಳು ಉತ್ತರ ಕೊಡಲಿಲ್ಲ. ಮುಂದೆ ಪುಸ್ತಕವನ್ನು ಕೇಳಲೂ ಬರಲಿಲ್ಲ. ಮೊನ್ನೆ ಕಡಹಿನಬೈಲಿನ ಮನೆಯಲ್ಲಿ ಹಳೆಯ ಪೆಟ್ಟಿಗೆಯನ್ನು ತೆರೆದಾಗ ಅದು ಸಿಕ್ಕಿತು. ಒಳಪುಟದಲ್ಲಿರುವುದು ಬೇರೊಬ್ಬಳ ಹೆಸರು. ಅದರ ಕೆಳಗೆ, ಸೋಮವಾರ ಹಿಂದಿರುಗಿಸಬೇಕೆಂದು ಪೆನ್ಸಿಲಿನಲ್ಲಿ ಬರೆದಿದೆ.