ಬಾಂದುಕಲ್ಲು ಮತ್ತು ಸಾಲಪತ್ರ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಮೊಟ್ಟಮೊದಲು ಹೆಸರಿಸುವುದು ಕ್ಷೇತ್ರವನ್ನು, ಅಂದರೆ ಹೊಲಗದ್ದೆಗಳನ್ನು. ಬೆಳ್ಳಿ ಬಂಗಾರಗಳು ಅನಂತರ ಬರುತ್ತವೆ. ಅದೇ ಅಧ್ಯಾಯದಲ್ಲಿ ಅಚೌರ್ಯ ವ್ರತದ ಅತಿಚಾರಗಳ ನಡುವೆ ಹೀನಾಧಿಕ ಮಾನೋನ್ಮಾನ, ಎಂದರೆ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವ ದೋಷ ಸೇರಿದೆ. ವರ್ತಕರಾದ ಶ್ರಾವಕರು ಈ ಎರಡನೆಯದನ್ನು ತಕ್ಕಡಿಗೆ ಸಂಬಂಧಿಸಿದ್ದೆಂದು ಭಾವಿಸಿ, ಮೊದಲನೆಯದನ್ನು ಉಳುವವರಿಗೆ ಬಿಟ್ಟುಕೊಟ್ಟಂತೆ ತೋರುತ್ತದೆ. ಆದರೆ ನೆಲವೇ ಅಳತೆಗೆ ಒಳಗಾಗಿ, ಅಳೆದ ನೆಲವು ಅಂಗಡಿಯ ಖಾತೆಯೊಳಗೆ ಬಂದು ಕುಳಿತ ಕಾಲವೊಂದಿದೆ. ದಾವಣಗೆರೆ ಹರಿಹರಗಳ ಸೀಮೆಯಲ್ಲಿ ಅದು 1863ರ ಅನಂತರದ ಕಾಲ.

ಭೂಮಿಯನ್ನು ಅಳೆಯುವುದು ಆಂಗ್ಲರಿಂದ ಬಂದ ವಿದ್ಯೆಯೇನೂ ಅಲ್ಲ. ಮತ್ತರು, ಕಮ್ಮ ಎಂಬ ಮಾನಗಳೂ, ಭೇರುಂಡ ಗಳೆಯಂತಹ ಅಳತೆಗೋಲುಗಳೂ ಕನ್ನಡ ಶಾಸನಗಳಲ್ಲಿ ಕಾಣಸಿಗುತ್ತವೆ. ದಾವಣಗೆರೆಗೆ ತಗುಲಿಕೊಂಡಂತಿರುವ ಬೇತೂರಿನಲ್ಲಿ ಸೇವುಣರ ಅಧಿಕಾರಿ ಕೂಚಿರಾಜನು ತೀರಿಹೋದ ತನ್ನ ಪತ್ನಿ ಲಕ್ಷ್ಮಿಯ ನೆನಪಿಗಾಗಿ, ಪದ್ಮಸೇನ ಭಟ್ಟಾರಕರ ಉಪದೇಶದಂತೆ, ಲಕ್ಷ್ಮೀ ಜಿನಾಲಯವನ್ನು ಕಟ್ಟಿಸಿ ದತ್ತಿ ಬಿಟ್ಟ ಸಂಗತಿ 1271ರ ಶಾಸನದಿಂದ ತಿಳಿಯುತ್ತದೆ. ಇಂತಹ ದತ್ತಿಗಳ ಎಲ್ಲೆಯನ್ನು ಹಳ್ಳ, ಮರ, ಮೊರಡಿ, ನೆಟ್ಟ ಕಲ್ಲುಗಳಿಂದ ಗುರುತಿಸುತ್ತಿದ್ದರು. ಬಸದಿಯ ಭೂಮಿಯಾದರೆ ಕಲ್ಲಿನ ಮೇಲೆ ಮುಕ್ಕೊಡೆಯನ್ನು ಕೆತ್ತುವುದೂ ಇತ್ತು. ಅಂದಿನ ಅಳತೆ ಒಂದು ದಾನಕ್ಕಾಗಿ, ಒಂದು ಹೊಲಕ್ಕಾಗಿ ನಡೆಯುತ್ತಿತ್ತು. ಊರಿನ ಇಂಚಿಂಚು ನೆಲವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಬೇಕೆಂಬ ಹಂಬಲ ಅಂದಿನ ಅರಸರಿಗೆ ಇದ್ದಂತೆ ಕಾಣುವುದಿಲ್ಲ.

ಆ ಹಂಬಲ ಬಂದದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಕಾಲಿನ್ ಮೆಕೆಂಜಿಯು ಮೈಸೂರು ರಾಜ್ಯದ ಸರ್ವೇಕ್ಷಣವನ್ನು ಕೈಗೊಂಡು ಸುಮಾರು ಹತ್ತು ವರ್ಷ ದುಡಿದನು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಅವನ ಪರಿವಾರದಲ್ಲಿ ಮಲೆಯೂರಿನ ಧರ್ಮಯ್ಯನೆಂಬ ಜೈನ ಪಂಡಿತನಿದ್ದದ್ದನ್ನು ನಮ್ಮ ಸಮಾಜ ಸಾಕಷ್ಟು ನೆನೆಯುವುದಿಲ್ಲ. ಹಳಗನ್ನಡ ಶಾಸನಗಳನ್ನು ಓದಿ ಅರ್ಥ ಹೇಳಬಲ್ಲವರು ಅಂದು ವಿರಳ. ಆ ಕೆಲಸ ಧರ್ಮಯ್ಯನ ಪಾಲಿಗೆ ಬಂದಿತು. ಮೆಕೆಂಜಿಯು ಜೈನರನ್ನು ಕುರಿತು ಪ್ರಕಟಿಸಿದ ವೃತ್ತಾಂತ ಪಶ್ಚಿಮದ ವಿದ್ವಾಂಸರಿಗೆ ನಮ್ಮ ಮತದ ಪರಿಚಯ ಮಾಡಿಕೊಟ್ಟ ಮೊದಲ ಬರಹಗಳಲ್ಲಿ ಒಂದು. ಗೆದ್ದ ರಾಜ್ಯದ ಬೆಟ್ಟ, ಕೆರೆ, ದಾರಿಗಳನ್ನು ನಕ್ಷೆಗಿಳಿಸುತ್ತಿದ್ದವನ ಜೊತೆಯಲ್ಲೇ ಬಸದಿಯ ಕಲ್ಬರಹಗಳನ್ನು ಓದಿದವನೂ ನಡೆದನೆಂಬುದು ಚರಿತ್ರೆಯ ಒಂದು ವಿಚಿತ್ರ.

ಮೆಕೆಂಜಿಯ ನಕ್ಷೆ ಸೇನೆಗೂ ಆಡಳಿತಕ್ಕೂ ಉಪಯೋಗವಾಯಿತೇ ಹೊರತು, ರೈತನ ಕಂದಾಯವನ್ನು ಅದು ಗೊತ್ತುಮಾಡಲಿಲ್ಲ. ಭೂಮಿಯನ್ನು ಬೀಜವರಿಯಿಂದ, ಅಂದರೆ ಇಷ್ಟು ಖಂಡುಗ, ಇಷ್ಟು ಕೊಳಗ ಬಿತ್ತುವ ಹೊಲವೆಂದು ಎಣಿಸುತ್ತಿದ್ದರು. ಖಂಡುಗದ ಪ್ರಮಾಣ ಸೀಮೆಯಿಂದ ಸೀಮೆಗೆ ಬೇರೆ. ಶರ್ತಿನ ಪದ್ಧತಿಯಲ್ಲಿ ಅಮಲ್ದಾರರು ಇಷ್ಟು ಹುಟ್ಟುವಳಿ ತರುವೆವೆಂದು ಸರ್ಕಾರಕ್ಕೆ ಒಪ್ಪಿಕೊಂಡು, ಅದನ್ನು ಪೂರೈಸಲು ಒಕ್ಕಲುಗಳನ್ನು ಹಿಂಡಿದರು. 1830–31ರ ನಗರದ ರೈತರ ದಂಗೆಗೆ ಇದು ಮುಖ್ಯ ಕಾರಣವಾಯಿತು. ಆ ದಂಗೆಯ ನೆಪದಿಂದಲೇ 1831ರಲ್ಲಿ ಆಂಗ್ಲರು ರಾಜ್ಯದ ಆಡಳಿತವನ್ನು ಮಹಾರಾಜರ ಕೈಯಿಂದ ತೆಗೆದುಕೊಂಡರು. ಆದುದರಿಂದ ಅನಂತರ ಬಂದ ಸರ್ವೆಯನ್ನು ಕೇವಲ ಪರಕೀಯರ ದುರಾಶೆಯೆಂದು ಹಳಿಯುವುದು ನ್ಯಾಯವಾಗದು. ಅಳತೆಯಿಲ್ಲದ ಕಾಲದಲ್ಲಿ ರೈತನಿಗೆ ಸುಖವಿತ್ತೆಂದು ಹೇಳಲು ಆಧಾರವಿಲ್ಲ.

ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಬೊಂಬಾಯಿ ಪ್ರಾಂತದ ಸರ್ವೆ ಪದ್ಧತಿಯನ್ನು ಮೈಸೂರಿಗೆ ತರಲಾಯಿತು. ಆಂಡರ್ಸನ್ ಎಂಬ ಸೇನಾಧಿಕಾರಿ ಅದರ ಮುಖ್ಯಸ್ಥನಾದನು. ಕೆಲಸ ಬೊಂಬಾಯಿ ಗಡಿಗೆ ಹತ್ತಿರದ ಚಿತ್ರದುರ್ಗ ಜಿಲ್ಲೆಯ ಕಡೆಯಿಂದ ಆರಂಭವಾಯಿತು. ದಾವಣಗೆರೆ ಹರಿಹರಗಳು ಅಂದು ಆ ಜಿಲ್ಲೆಗೆ ಸೇರಿದ್ದವು. ಇಡೀ ರಾಜ್ಯದ ಸರ್ವೆ ಮುಗಿಯುವ ವೇಳೆಗೆ ಶತಮಾನವೇ ಮುಗಿದಿತ್ತು.

ಆ ಅಳತೆಯ ಕ್ರಮವನ್ನು ದೇವಸ್ಥಾನದ ಜಮೀನು ನೋಡಿಕೊಳ್ಳುವ ಪ್ರತಿಯೊಬ್ಬ ಧರ್ಮದರ್ಶಿಯೂ ಅರಿತಿರುವುದು ಲೇಸು, ಏಕೆಂದರೆ ಅವರ ಕಪಾಟಿನಲ್ಲಿರುವ ಕಾಗದಗಳ ಮೂಲ ಅಲ್ಲಿದೆ. ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ, ಅಂದರೆ 1,089 ಚದರ ಅಡಿ, ಒಂದು ಗುಂಟೆ. ಅಂತಹ 40 ಗುಂಟೆ ಒಂದು ಎಕರೆ. ಹೊಲಕ್ಕೊಂದು ಸರ್ವೆ ನಂಬರು, ಮೂಲೆಗಳಲ್ಲಿ ಬಾಂದುಕಲ್ಲು. ಬೇಸಾಯಕ್ಕೆ ಒದಗದ ಬಂಡೆ, ಹಳ್ಳ, ದಾರಿಗಳಿಗೆ ಖರಾಬು ಎಂಬ ಹೆಸರು. ಅಳೆದವರು ಹೋದ ಮೇಲೆ ವರ್ಗೀಕರಣದವರು ಬರುತ್ತಿದ್ದರು. ಹೊಲವನ್ನು ನಕ್ಷೆಯಲ್ಲಿ ಭಾಗಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ಅಗೆದು ಮಣ್ಣಿನ ಆಳ ನೋಡುವುದು ರೂಢಿ. ಒಂದೂಮುಕ್ಕಾಲು ಮೊಳ ಆಳದ ಉತ್ತಮ ಎರೆಮಣ್ಣಿಗೆ ಹದಿನಾರಾಣೆ. ಆಳ ಕಡಿಮೆಯಾದಂತೆ, ಸುಣ್ಣಕಲ್ಲು ಬೆರೆತಂತೆ, ಇಳಿಜಾರು ಹೆಚ್ಚಿದಂತೆ ಆಣೆಗಳು ಇಳಿಯುತ್ತಿದ್ದವು. ಹೊಲದ ಯೋಗ್ಯತೆಯನ್ನು ರೂಪಾಯಿಯ ಭಾಗಗಳಲ್ಲಿ ಹೇಳುವ ಈ ಕ್ರಮ ವರ್ತಕನಿಗೆ ಬಹುಬೇಗ ಅರ್ಥವಾಗಿರಬೇಕು. ಮಣ್ಣಿನ ಗುಣದೊಡನೆ ಹವೆಯನ್ನೂ ಪೇಟೆಯ ಸಾಮೀಪ್ಯವನ್ನೂ ಪರಿಗಣಿಸಿ ಎಕರೆಗೆ ಕಂದಾಯದ ದರ ಕಟ್ಟುತ್ತಿದ್ದರು. ಸಂತೆ ಹತ್ತಿರವಿದ್ದರೆ ದರ ಹೆಚ್ಚು. ಹೀಗೆ ಮಂಡಿಯ ಏಳಿಗೆ ಸುತ್ತಲಿನ ಹಳ್ಳಿಯ ಕಂದಾಯದಲ್ಲಿ ಕಾಣಿಸಿಕೊಳ್ಳುವಂತಾಯಿತು. ಒಮ್ಮೆ ಕಟ್ಟಿದ ದರ 30 ವರ್ಷ ಬದಲಾಗುವಂತಿರಲಿಲ್ಲ. ಇದು ಸಾಮಾನ್ಯ ಉಪಕಾರವಲ್ಲ. ಶರ್ತಿನ ಕಾಲವನ್ನು ಕಂಡಿದ್ದ ಮುದುಕರಿಗೆ ಅದರ ಬೆಲೆ ತಿಳಿದಿದ್ದೀತು.

ಇದೇ ಸುಮಾರಿಗೆ ಆಂಗ್ಲರ ಸರಪಳಿ ಭೂಗೋಳದ ಬೇರೆ ಕಡೆಗಳಲ್ಲಿಯೂ ಓಡಾಡುತ್ತಿತ್ತು. ಬೊಂಬಾಯಿ ಪದ್ಧತಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ರೂಪುಗೊಂಡದ್ದು 1835ರ ಆಸುಪಾಸಿನಲ್ಲಿ. 1837ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರದ ನೆಲವನ್ನು ಅಳೆದು ತುಂಡುಮಾಡಲಾಯಿತು. ಅಲ್ಲಿ ಮೂಲನಿವಾಸಿಗಳ ನೆಲವನ್ನು ಬರಿದಾದ ಭೂಮಿಯೆಂದು ಬರೆದುಕೊಂಡು, ಹಡಗಿನಿಂದ ಇಳಿದವರಿಗೆ ಮಾರಿದರು. ಮೈಸೂರಿನ ಬಯಲುಸೀಮೆಯಲ್ಲಿ ಹಾಗಾಗಲಿಲ್ಲ. ಉಳುವವನು ತನ್ನ ಹೊಲದಲ್ಲೇ ಉಳಿದನು. ಚಿಕ್ಕಮಗಳೂರು, ಮಂಜರಾಬಾದುಗಳ ಕಾಫಿ ಕಾಡುಗಳಲ್ಲಿ ಮಾತ್ರ ಯೂರೋಪಿಯನ್ನರು ನೆಲೆ ಕಂಡರು. ಆದರೂ ಬಯಲುಸೀಮೆಯಲ್ಲಿಯೂ ಒಂದು ಬಗೆಯ ಬರಿದು ಮಾಡುವಿಕೆ ನಡೆಯಿತು. ಕುರಿ ದನಗಳು ಮೇಯುತ್ತಿದ್ದ ಬಯಲುಗಳು ಪುಸ್ತಕದಲ್ಲಿ ಬಂಜರು ಎಂದಾದವು. ಗೋಮಾಳವೆಂದು ತೆಗೆದಿರಿಸಿದ್ದನ್ನು ಬಿಟ್ಟರೆ ಉಳಿದ ಬಂಜರು ನಂಬರುಗಳನ್ನು ಕಂದಾಯಕ್ಕೆ ಒಪ್ಪಿ ಅರ್ಜಿ ಹಾಕಿದವರು ಪಡೆಯಬಹುದಿತ್ತು. 1861–65ರ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದ್ದ ಕಾಲವದು. ಎರೆನೆಲವನ್ನು ಉಳುವ ಆಸೆ ಯಾರಿಗೆ ಹುಟ್ಟದು? 1801ರಲ್ಲಿ ಬುಕಾನನ್ ಬಂದಾಗ ದಾವಣಗೆರೆ ಕಂಬಳಿಯ ವ್ಯಾಪಾರಕ್ಕೆ ಹೆಸರಾಗಿತ್ತು. ಕಂಬಳಿಗೆ ಉಣ್ಣೆ ಬೇಕು, ಉಣ್ಣೆಗೆ ಕುರಿ ಬೇಕು, ಕುರಿಗೆ ಬಯಲು ಬೇಕು. ಪುಸ್ತಕ ಬರೆದವನ ಲೆಕ್ಕದಲ್ಲಿ ಕಂದಾಯ ಕೊಡದ ಬಯಲು ಏನೂ ಅಲ್ಲ.

ಸರ್ವೆಯ ಜೊತೆಜೊತೆಗೆ, 1860ರ ದಶಕದಲ್ಲಿಯೇ, ಇನಾಂ ಭೂಮಿಗಳ ವಿಚಾರಣೆ ನಡೆಯಿತು. ಸನ್ನದು, ಅನುಭೋಗಗಳನ್ನು ಪರೀಕ್ಷಿಸಿ, ಸರಿಯೆಂದು ಕಂಡ ದೇವದಾಯಗಳನ್ನು ಖಾಯಂಗೊಳಿಸಿದರು. ಪೂಜೆ ನಿಂತುಹೋಗಿದ್ದ, ಕಾಗದ ತೋರಿಸಲು ಯಾರೂ ಇಲ್ಲದ ಬಸದಿಗಳ ಪರವಾಗಿ ಮಾತನಾಡುವವರು ಯಾರು? ಉಳಿದ ಇನಾಮುಗಳ ಕಥೆಯೂ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯಿದೆಯೊಂದಿಗೆ ತಿರುವು ಪಡೆಯಿತು. ಅದು ಬೇರೆಯೇ ಲೇಖನದ ವಸ್ತು. ಇಲ್ಲಿ ಹೇಳಬೇಕಾದದ್ದು ಇಷ್ಟು: ಕಳೆದುಹೋದ ಬಸದಿಯ ಭೂಮಿಯನ್ನು ನೆನೆದು ಮರುಗುವ ನಾವು, ಅದೇ ಕಾಲದಲ್ಲಿ ಜೈನ ವರ್ತಕರ ಖಾತೆಗೆ ಸೇರಿದ ಭೂಮಿಯ ವಿಷಯದಲ್ಲಿ ಮೌನವಾಗಿರುತ್ತೇವೆ.

ಸರ್ವೆಗೆ ಮುಂಚೆ ಸಾಹುಕಾರನು ಸಾಲ ಕೊಡುತ್ತಿದ್ದುದು ಮುಖ್ಯವಾಗಿ ಬೆಳೆಯನ್ನು ನೋಡಿ, ಮನುಷ್ಯನನ್ನು ನೋಡಿ. ಸರ್ವೆಯಾದ ಮೇಲೆ ನೆಲಕ್ಕೆ ನಂಬರು, ಎಲ್ಲೆ, ಗೊತ್ತಾದ ಕಂದಾಯ, ಹೆಸರು ಬಂದವು. ಅದು ಒತ್ತೆಯಿಡಲು, ಹರಾಜು ಹಾಕಲು ಅನುಕೂಲವಾದ ವಸ್ತುವಾಯಿತು. ಕಂದಾಯವನ್ನು ನಗದಾಗಿಯೇ, ಕಂತಿನ ದಿನಕ್ಕೇ ಕಟ್ಟಬೇಕು. ಬೆಳೆ ಮಾರುವ ಮುಂಚೆ ಕಂತು ಬಂದರೆ ರೈತನು ಮಂಡಿಯ ಮೆಟ್ಟಿಲನ್ನೇ ಹತ್ತಬೇಕು. ಮಳೆ ಬಂದ ವರ್ಷ ಇದು ನಡೆದುಹೋಗುತ್ತಿತ್ತು. 1876–78ರ ಬರ ಬಂದಾಗ ಏನಾಯಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಸಾಲದಲ್ಲಿದ್ದ ರೈತರಿಗಾಗಿ ಮೈಸೂರಿನಲ್ಲಿ ಪರಿಹಾರ ಶಾಸನ ಬಂದದ್ದು 1928ರಲ್ಲಿ. ಬರ ಕಂಡವರಲ್ಲಿ ಬಹುಮಂದಿ ಅಷ್ಟು ಹೊತ್ತಿಗೆ ಉಳಿದಿರಲಿಲ್ಲ.

ಬೊಂಬಾಯಿ ಪ್ರಾಂತ ಅಷ್ಟು ಕಾಲ ಕಾಯಲಿಲ್ಲ. ಬರಕ್ಕೆ ಒಂದು ವರ್ಷ ಮುಂಚೆ, 1875ರ ಮೇ 12ರಂದು, ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ಸಂತೆಯ ದಿನ ರೈತರು ಸಾಹುಕಾರರ ಅಂಗಡಿ ಮನೆಗಳ ಮೇಲೆ ಬಿದ್ದರು. ಹೊಸ ಪದ್ಧತಿ ಹುಟ್ಟಿದ ಇಂದಾಪುರದ ನೆರೆಸೀಮೆಯದು. ಮೂವತ್ತು ವರ್ಷದ ಅವಧಿ ತೀರಿ ಕಂದಾಯ ಏರಿತ್ತು, ಹತ್ತಿಯ ಬೆಲೆ ಇಳಿದಿತ್ತು, ಸಾಲ ಹುಟ್ಟುತ್ತಿರಲಿಲ್ಲ. ದಂಗೆ ಪುಣೆ, ಅಹಮದ್‌ನಗರ ಜಿಲ್ಲೆಗಳ ಹಲವು ಊರುಗಳಿಗೆ ಹರಡಿತು. ಅದಕ್ಕೆ ಗುರಿಯಾದವರು ಮಾರವಾಡಿ, ಗುಜರಾತಿ ಸಾಹುಕಾರರು. ಅವರಲ್ಲಿ ಜೈನರೂ ಇದ್ದರು. ನೀರು ಸೋಸಿ ಕುಡಿಯುವ, ಸೂರ್ಯಾಸ್ತದ ಮೇಲೆ ಉಣ್ಣದ ಮನೆಗಳ ಮುಂದೆ ಹಳ್ಳಿಯವರು ಅಷ್ಟು ರೋಷದಿಂದ ಏಕೆ ನಿಂತರೆಂದು ನಮ್ಮ ಪತ್ರಿಕೆಗಳು ವಿಚಾರಿಸಿದ್ದು ಕಡಿಮೆ. ಸರ್ಕಾರ ನೇಮಿಸಿದ ಆಯೋಗ ವಿಚಾರಿಸಿತು. ಅದರ ಫಲವಾಗಿ 1879ರಲ್ಲಿ ದಖನ್ ರೈತರ ಪರಿಹಾರ ಶಾಸನ ಬಂದಿತು. ದಂಗೆಯಲ್ಲಿ ಪ್ರಾಣಹಾನಿಯ ಉದ್ದೇಶ ಇರಲಿಲ್ಲ. ರೈತರು ಹುಡುಕಿದ್ದು ಸಾಲಪತ್ರಗಳನ್ನು. ಸಿಕ್ಕಿದ್ದನ್ನು ಬೀದಿಯಲ್ಲಿ ಸುಟ್ಟರು. ಕೇಳಿದೊಡನೆ ಪತ್ರಗಳನ್ನು ತಂದೊಪ್ಪಿಸಿದ ಸಾಹುಕಾರರ ಗೋಜಿಗೆ ಅವರು ಸಾಮಾನ್ಯವಾಗಿ ಮುಂದೆ ಹೋಗಲಿಲ್ಲ.