ಎದೆನೋವಿಗೆ ನಾಲಿಗೆಯಡಿ ಮಾತ್ರೆ ಇಟ್ಟರೆ ಸಾಕೇ?

ಹೇಳಿಕೆ: ಎದೆನೋವು ಬಂದರೆ ಯಾರೇ ಆಗಲಿ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡರೆ ಸಾಕು, ಆಸ್ಪತ್ರೆ ಬೇಡ.

ವಾಸ್ತವ: ಇದು ಅರ್ಧ ಸತ್ಯ.

ಅಂಜೈನಾ ಎಂದರೇನು?
ಹೃದಯದ ರಕ್ತನಾಳ ಕಿರಿದಾದವರಿಗೆ ಮೆಟ್ಟಿಲು ಹತ್ತುವಾಗ, ಚಳಿಯಲ್ಲಿ ನಡೆಯುವಾಗ, ಸಿಟ್ಟು ಬಂದಾಗ ಹೃದಯಕ್ಕೆ ಸಾಕಷ್ಟು ರಕ್ತ ಸಿಗದೆ ಎದೆ ಬಿಗಿಯುತ್ತದೆ. ಇದೇ ಅಂಜೈನಾ. ಸಾಮಾನ್ಯವಾಗಿ ವಿಶ್ರಾಂತಿ ಪಡೆದರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಗ್ಯಾಸ್ ಎಂದು ತಳ್ಳಿಹಾಕಬೇಡಿ.

ಮಾತ್ರೆ ಹೇಗೆ ಬಳಸಬೇಕು?
• ವೈದ್ಯರು ಬರೆದುಕೊಟ್ಟವರು ಮಾತ್ರ ಬಳಸಿ.
• ಬಿಪಿ ಇಳಿದು ತಲೆ ಸುತ್ತಬಹುದು, ಆದ್ದರಿಂದ ಮೊದಲು ಕುಳಿತುಕೊಳ್ಳಿ.
• ನುಂಗಬೇಡಿ. ನಾಲಿಗೆಯಡಿ ಕರಗಿದರೆ ಮದ್ದು ನೇರವಾಗಿ ರಕ್ತ ಸೇರುತ್ತದೆ. ತಲೆನೋವು ಬರುವುದು ಸಾಮಾನ್ಯ.
• ವಯಾಗ್ರದಂತಹ ಮಾತ್ರೆ ತೆಗೆದುಕೊಂಡಿದ್ದರೆ ಬಳಸಲೇಬೇಡಿ. ಬಿಪಿ ಅಪಾಯದ ಮಟ್ಟಕ್ಕೆ ಕುಸಿಯಬಹುದು.

108ಕ್ಕೆ ಯಾವಾಗ ಕರೆ ಮಾಡಬೇಕು?
ಮಾತ್ರೆ ಇಟ್ಟು 5 ನಿಮಿಷವಾದರೂ ನೋವು ಇಳಿಯದಿದ್ದರೆ, ಸುಮ್ಮನೆ ಕುಳಿತಿದ್ದಾಗಲೇ ಬಂದರೆ, ಬೆವರು ಅಥವಾ ಉಸಿರುಕಟ್ಟು ಜೊತೆಗಿದ್ದರೆ ತಡಮಾಡಬೇಡಿ. ಅದು ಹೃದಯಾಘಾತ ಆಗಿರಬಹುದು.

ದಿನನಿತ್ಯದ ಬದುಕು
ಅಂಜೈನಾ ಇದೆಯೆಂದು ಮೂಲೆ ಹಿಡಿಯಬೇಕಿಲ್ಲ. ವೈದ್ಯರು ಹೇಳಿದಷ್ಟು ನಡೆಯಿರಿ, ಬೀಡಿ-ಸಿಗರೇಟು ಬಿಡಿ, ನೋವಿಲ್ಲದ ದಿನವೂ ನಿತ್ಯದ ಮಾತ್ರೆ ತಪ್ಪಿಸಬೇಡಿ. ನಾಲಿಗೆಯಡಿಯ ಮಾತ್ರೆ ಜೇಬಿನಲ್ಲೇ ಇರಲಿ, ಅದು ಎಲ್ಲಿದೆಯೆಂದು ಮನೆಯವರಿಗೂ ಗೊತ್ತಿರಲಿ.