ರಕ್ತಕ್ಕೆ ಬಣ್ಣ ಬಂದ ಕಥೆ

ನಮ್ಮ ನಡುಮನೆಯ ಗೋಡೆಗೂಡಿನಲ್ಲಿ ಹಿಂದೆ ದೇವರ ಪಟಗಳಿದ್ದವು. ಕೆಲವು ವರ್ಷಗಳ ಕೆಳಗೆ ಅವು ಒಳಕೋಣೆಗೆ ಹೋಗಿ, ಆ ಜಾಗದಲ್ಲಿ ನನ್ನ ಸೀಸೆಗಳು ಬಂದು ಕುಳಿತವು. ಕಬ್ಬಿಣದ ಟಾನಿಕ್ಕು, ಚ್ಯವನಪ್ರಾಶದ ಡಬ್ಬಿ, ನುಗ್ಗೆಸೊಪ್ಪಿನ ಪುಡಿ, ಯೀಸ್ಟಿನ ಮಾತ್ರೆ, ಮೀನೆಣ್ಣೆಯ ಗುಳಿಗೆ. ಈ ಕೊನೆಯದನ್ನು ನನ್ನಾಕೆಯ ಕಣ್ಣಿಗೆ ಬೀಳದಂತೆ ಹಿಂದುಗಡೆ ಇಟ್ಟಿದ್ದೆ. ಒಂದೊಂದೂ ಒಬ್ಬೊಬ್ಬ ಹಿತೈಷಿಯ ಉಪದೇಶದ ಫಲ. ನನಗಿದ್ದ ಕಾಯಿಲೆಗೆ ಹೆಸರಿರಲಿಲ್ಲ. ಹೆಸರಿಲ್ಲದ ಕಾಯಿಲೆಗೆ ಔಷಧ ಹೇಳಲು ನಮ್ಮಲ್ಲಿ ಯಾರಿಗೂ ಸಂಕೋಚವಿಲ್ಲ ಎಂಬುದನ್ನು ವಾಚಕರು ತಮ್ಮ ಅನುಭವದಿಂದಲೇ ಬಲ್ಲರು.

ಕಾಯಿಲೆ ಎಂದು ಹೇಳಿಕೊಳ್ಳಲೂ ನಾಚಿಕೆಯಾಗುವಂಥ ಕಾಯಿಲೆ ಅದು. ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು. ಸಾರಿನ ಮೆಣಸು ತಾಗಿದರೆ ನಾಲಿಗೆ ಉರಿ. ಪಾದಗಳಲ್ಲಿ ಸದಾ ಜೋಮು, ಹತ್ತಿಯ ಮೇಲೆ ನಡೆದ ಹಾಗೆ. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನಿಗೆ ಇದೆಲ್ಲ ವಯಸ್ಸಿನ ಧರ್ಮ ಎಂದರು ಕೆಲವರು. ನಾನೂ ಹಾಗೆಯೇ ನಂಬಿದೆ. ನಂಬಿಕೊಂಡೇ ಸೀಸೆಯ ಮೇಲೆ ಸೀಸೆ ಖಾಲಿ ಮಾಡಿದೆ.

ಕೊನೆಗೆ ನನ್ನ ಷಡ್ಡಕರು, ತಮಗೆ ಗುಣ ಕೊಟ್ಟಿತೆಂದು, ಒಂದು ಸಣ್ಣ ಹಳದಿ ಮಾತ್ರೆಯನ್ನು ತಂದುಕೊಟ್ಟರು. ಅದರ ಹೆಸರು ಫೋಲಿಕ್ ಆಮ್ಲ. ಎರಡು ತಿಂಗಳು ತಪ್ಪದೆ ನುಂಗಿ ರಕ್ತ ಪರೀಕ್ಷೆ ಮಾಡಿಸಿದರೆ, ಎಂಟರಲ್ಲಿದ್ದ ಹಿಮೋಗ್ಲೋಬಿನ್ ಹನ್ನೊಂದಕ್ಕೆ ಏರಿತ್ತು! "ಅಂತೂ ಮುಖಕ್ಕೆ ಬಣ್ಣ ಬಂತು ನೋಡಿ" ಎಂದು ನನ್ನಾಕೆ ಆ ದಿನ ಪಾಯಸ ಮಾಡಿದಳು. ನಾನು ಉಳಿದ ಸೀಸೆಗಳನ್ನು ಎತ್ತಿ ಅಟ್ಟಕ್ಕೆ ಹಾಕಿದೆ.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಒಬ್ಬ ಹುಡುಗ ಓಡಿಬಂದು, "ತಾತಾ, ನಿಮ್ಮ ಚಪ್ಪಲಿ ಅಲ್ಲೇ ಬಿಟ್ಟು ಬಂದಿದ್ದೀರಿ" ಎಂದ. ತಿರುಗಿ ನೋಡಿದೆ. ಇಪ್ಪತ್ತು ಹೆಜ್ಜೆ ಹಿಂದೆ ದಾರಿಯ ನಡುವೆ ನನ್ನ ಎಡಗಾಲಿನ ಚಪ್ಪಲಿ ಬಿದ್ದಿತ್ತು. ಅದು ಕಾಲಿನಿಂದ ಕಳಚಿದ್ದೂ, ನಾನು ಬರಿಗಾಲಿನಲ್ಲಿ ಕಲ್ಲಿನ ಮೇಲೆ ನಡೆದದ್ದೂ ನನಗೆ ತಿಳಿದಿರಲಿಲ್ಲ.

ಹೋಗಿ ಕಂಡ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಕೆ ನನ್ನ ರಕ್ತದ ಕಾಗದವನ್ನು ಬದಿಗಿಟ್ಟು, ಉಕ್ಕಿನ ಶ್ರುತಿಕವೆಯೊಂದನ್ನು ಮಿಡಿದು ನನ್ನ ಕಾಲಿನ ಗಿಣ್ಣಿನ ಮೇಲೆ ಒತ್ತಿ ಹಿಡಿದು, "ಅದುರುತ್ತಿದೆಯೇ, ಮೇಷ್ಟ್ರೆ?" ಎಂದು ಕೇಳಿದರು. ಏನೂ ಅದುರಲಿಲ್ಲ. ಮೊಣಕಾಲಿನ ಮೇಲಿಟ್ಟಾಗ ಸ್ವಲ್ಪ, ಮುಂಗೈ ಮೇಲಿಟ್ಟಾಗ ಚೆನ್ನಾಗಿ ಅದುರಿತು. ಮಾತ್ರೆಯ ವಿಷಯ ಕೇಳಿ ತಿಳಿದುಕೊಂಡ ಮೇಲೆ ಅವರು, "ಈ ಬೋನಿಗೆ ನೀವು ಬಿದ್ದವರಲ್ಲಿ ಮೊದಲಿಗರಲ್ಲ. ಇದಕ್ಕೆ ದೊಡ್ಡ ಚರಿತ್ರೆಯೇ ಇದೆ" ಎಂದರು. ಚರಿತ್ರೆ ಎಂದರೆ ಮೇಷ್ಟರಾದವನು ಸುಮ್ಮನಿರುತ್ತಾನೆಯೇ? ಆ ಚರಿತ್ರೆಯನ್ನು ಹುಡುಕಿ ಓದಿದೆ.

ಕಥೆ ಆರಂಭವಾಗುವುದು ಲಂಡನ್ನಿನಲ್ಲಿ. ಅಲ್ಲಿಯ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ವಿಚಿತ್ರ ರಕ್ತಹೀನತೆಯನ್ನು ವರ್ಣಿಸಿದ. ಗಾಯವಿಲ್ಲ, ರಕ್ತಸ್ರಾವವಿಲ್ಲ, ಕಾರಣವೇ ಇಲ್ಲ. ಆದರೂ ರೋಗಿ ದಿನದಿನಕ್ಕೆ ಬಿಳಿಚಿಕೊಂಡು ಸಾಯುತ್ತಾನೆ. 1872ರಲ್ಲಿ ಜೂರಿಕ್ಕಿನ ಬಿಯರ್ಮರ್ ಇದಕ್ಕೆ ಮಾರಕ ಎಂಬ ವಿಶೇಷಣವನ್ನು ಸೇರಿಸಿದ. ಹೆಸರು ಬಂದ ಮಾತ್ರಕ್ಕೆ ಔಷಧ ಬರಲಿಲ್ಲ. ಮುಂದಿನ ಅರ್ಧ ಶತಮಾನ ರೋಗಿಗಳು ಕಬ್ಬಿಣ ತಿಂದರು, ಪಾಷಾಣ ಕುಡಿದರು, ಸೋಂಕು ಬಾಯಲ್ಲಿದೆ ಎಂದವರ ಮಾತಿಗೆ ಹಲ್ಲು ಕೀಳಿಸಿಕೊಂಡರು, ಗುಲ್ಮವನ್ನು ಕೊಯ್ಯಿಸಿಕೊಂಡರು. ಈ ರೋಗಕ್ಕೆ ಒಂದು ಕೆಟ್ಟ ಗುಣವಿತ್ತು. ಅದು ಕೆಲವೊಮ್ಮೆ ತಾನಾಗಿಯೇ ಕೆಲವು ತಿಂಗಳು ಇಳಿಮುಖವಾಗುತ್ತಿತ್ತು. ಆ ಹೊತ್ತಿನಲ್ಲಿ ರೋಗಿ ಏನು ನುಂಗುತ್ತಿದ್ದನೋ ಅದಕ್ಕೆ ಕೀರ್ತಿ! ನನ್ನ ಗೋಡೆಗೂಡಿನ ಸೀಸೆಗಳು ನೆನಪಾಗಿ ನನಗೆ ನಗು ಬಂತು.

ಇನ್ನು ಅಮೆರಿಕಕ್ಕೆ ಬರೋಣ. 1920ರ ದಶಕದಲ್ಲಿ ಜಾರ್ಜ್ ವ್ಹಿಪಲ್ ಎಂಬ ವಿಜ್ಞಾನಿ ನಾಯಿಗಳ ರಕ್ತವನ್ನು ತೆಗೆದು, ಬೇರೆ ಬೇರೆ ಆಹಾರ ಕೊಟ್ಟು, ಯಾವುದರಿಂದ ರಕ್ತ ಬೇಗ ತುಂಬಿಕೊಳ್ಳುತ್ತದೆಂದು ನೋಡುತ್ತಿದ್ದ. ಯಕೃತ್ತು ಎಲ್ಲವನ್ನೂ ಮೀರಿಸಿತು. ಬಾಸ್ಟನ್ನಿನ ವೈದ್ಯ ಜಾರ್ಜ್ ಮೈನಾಟ್ ಇದನ್ನು ಓದಿದ. ಮೈನಾಟ್ ಸ್ವತಃ ರೋಗಿ. 1921ರಲ್ಲಿ ಅವನಿಗೆ ಮಧುಮೇಹ ಕಾಣಿಸಿಕೊಂಡಿತ್ತು. ಅನ್ನವನ್ನು ತಕ್ಕಡಿಯಲ್ಲಿ ತೂಗಿ ತಿನ್ನುತ್ತ ಬದುಕಿಕೊಂಡಿದ್ದವನನ್ನು ಆಗತಾನೆ ಬಂದ ಇನ್ಸುಲಿನ್ ಉಳಿಸಿತು. ಆಹಾರದ ತೂಕಕ್ಕೂ ಪ್ರಾಣಕ್ಕೂ ಇರುವ ನಂಟು ಅವನಿಗೆ ಪುಸ್ತಕದ ಮಾತಾಗಿರಲಿಲ್ಲ. ಅವನೂ ಅವನ ಜೊತೆಗಾರ ವಿಲಿಯಂ ಮರ್ಫಿಯೂ ಕೂಡಿ 45 ಮಂದಿ ರೋಗಿಗಳಿಗೆ ದಿನಕ್ಕೆ ಹೆಚ್ಚು ಕಡಮೆ ಅರ್ಧ ಪೌಂಡಿನವರೆಗೆ ಯಕೃತ್ತನ್ನು ತಿನ್ನಿಸಿದರು. 1926ರಲ್ಲಿ ಅದರ ಫಲವನ್ನು ಜಗತ್ತಿಗೆ ತಿಳಿಸಿದರು. ಸಾಯಬೇಕಾಗಿದ್ದವರು ಎದ್ದು ಓಡಾಡುತ್ತಿದ್ದರು.

ಇಲ್ಲಿ ನಾನು ಗಮನಿಸಿದ ಅಂಶವೊಂದಿದೆ. ರೋಗಿಗಳು ಚೆನ್ನಾಗಿದ್ದೇವೆ ಎಂದರೆಂದು ಅವರು ತೃಪ್ತರಾಗಲಿಲ್ಲ. ಮೂಳೆಯ ಮಜ್ಜೆಯಿಂದ ಹೊಸದಾಗಿ ಹೊರಬಂದ ಎಳೆಯ ರಕ್ತಕಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತ ಹೋದರು. ಯಕೃತ್ತು ಆರಂಭಿಸಿದ ಕೆಲವೇ ದಿನಗಳಲ್ಲಿ ಈ ಕಣಗಳ ಸಂಖ್ಯೆ ಒಮ್ಮೆಲೇ ಏರುತ್ತಿತ್ತು. ತಾನಾಗಿ ಬಂದ ಸುಧಾರಣೆ ಹೀಗೆ ದಿನ ನೋಡಿಕೊಂಡು ಒಬ್ಬೊಬ್ಬರಲ್ಲೂ ಬರುವುದಿಲ್ಲವಷ್ಟೆ. 1934ರಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಕ ಬಂತು. ಒಂದು ತಮಾಷೆಯೆಂದರೆ, ವ್ಹಿಪಲ್ಲನ ನಾಯಿಗಳಿಗೆ ಉಪಕಾರ ಮಾಡಿದ್ದು ಮುಖ್ಯವಾಗಿ ಯಕೃತ್ತಿನಲ್ಲಿದ್ದ ಕಬ್ಬಿಣ. ಮೈನಾಟನ ರೋಗಿಗಳನ್ನು ಉಳಿಸಿದ್ದು ಬೇರೊಂದು ವಸ್ತು. ತಪ್ಪು ದಾರಿ ಸರಿಯಾದ ಊರಿಗೆ ತಲುಪಿಸಿತ್ತು.

ಆರೋಗ್ಯವಂತರು ದಿನಕ್ಕೆ ಅರ್ಧ ಪೌಂಡು ಯಕೃತ್ತು ತಿನ್ನುವುದಿಲ್ಲ, ಆದರೂ ಅವರಿಗೆ ಈ ರೋಗ ಬರುವುದಿಲ್ಲ; ಏಕೆ? ಈ ಪ್ರಶ್ನೆ ಕೇಳಿದವನು ಬಾಸ್ಟನ್ನಿನ ತರುಣ ವೈದ್ಯ ವಿಲಿಯಂ ಕ್ಯಾಸಲ್. ಅವನು ತಾನೇ ಗೋಮಾಂಸ ತಿಂದು, ಒಂದು ಗಂಟೆಯ ಮೇಲೆ ಅದನ್ನು ತನ್ನ ಹೊಟ್ಟೆಯಿಂದ ಹೊರತೆಗೆದು, ನಳಿಕೆಯ ಮೂಲಕ ರೋಗಿಯ ಹೊಟ್ಟೆಗೆ ಇಳಿಸಿದ. ನಾನು ಸಸ್ಯಾಹಾರಿ, ಇಲ್ಲಿಗೆ ಬಂದಾಗ ಪುಸ್ತಕವನ್ನು ಮಡಿಸಿಟ್ಟು ಒಂದು ಲೋಟ ನೀರು ಕುಡಿದೆ. ಆದರೆ ಫಲ ನೋಡಿ: ಬರಿಯ ಮಾಂಸದಿಂದ ರೋಗಿಗೆ ಗುಣವಿಲ್ಲ, ಬರಿಯ ಜಠರರಸದಿಂದ ಗುಣವಿಲ್ಲ, ಎರಡೂ ಕೂಡಿದರೆ ಗುಣ. ಆಹಾರದ ಸತ್ತ್ವವನ್ನು ರಕ್ತಕ್ಕೆ ಸಾಗಿಸುವ ಒಂದು ವಸ್ತು ನಮ್ಮ ಹೊಟ್ಟೆಯಲ್ಲೇ ಹುಟ್ಟುತ್ತದೆ. ಈ ರೋಗಿಗಳಲ್ಲಿ ಅದು ಹುಟ್ಟುವುದಿಲ್ಲ. 1929ರಲ್ಲಿ ಅವನು ಇದನ್ನು ಪ್ರಕಟಿಸಿದ.

ಆ ವರ್ಷಗಳಲ್ಲೇ ಕಥೆಯ ಇನ್ನೊಂದು ಎಳೆ ನಮ್ಮ ದೇಶದಲ್ಲಿ ನಡೆದಿತ್ತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದಳು. ಅಲ್ಲಿಯ ಬಟ್ಟೆ ಗಿರಣಿಗಳ ಬಡ ಹೆಣ್ಣುಮಕ್ಕಳು ಬಸುರಿನಲ್ಲಿ ತೀವ್ರ ರಕ್ತಹೀನತೆಗೆ ಸಿಕ್ಕಿ ಸಾಯುತ್ತಿದ್ದರು. ಹಾಫ್‌ಕಿನ್ ಸಂಸ್ಥೆಯಲ್ಲಿ, ಆಮೇಲೆ ನಮ್ಮ ನೀಲಗಿರಿಯ ಕೂನೂರಿನಲ್ಲಿ, ಆಮೇಲೆ ಮದರಾಸಿನ ಹೆಂಗಸರ ಆಸ್ಪತ್ರೆಯಲ್ಲಿ ಆಕೆ ಕೆಲಸ ಮಾಡಿದಳು. ರೋಗಾಣುವನ್ನು ಹುಡುಕಿ ಕಾಣದೆ, ಆ ಹೆಂಗಸರ ಊಟವನ್ನು ನೋಡಿದಳು. ಕೋತಿಗಳಿಗೂ ಅದೇ ಬಗೆಯ ಬಡ ಊಟ ಕೊಟ್ಟಾಗ ಅವೂ ಬಿಳಿಚಿಕೊಂಡವು. ಸೊರಗಿದ ಕೋತಿಗೆ ಮಾರ್ಮೈಟ್ ಕೊಟ್ಟರೆ ಅದು ಚೇತರಿಸಿಕೊಂಡಿತು. ಮಾರ್ಮೈಟ್ ಎಂದರೆ ಇಂಗ್ಲಿಷರು ರೊಟ್ಟಿಗೆ ಸವರಿಕೊಳ್ಳುವ, ಬಿಯರಿನ ಯೀಸ್ಟಿನಿಂದ ಮಾಡಿದ ಕಪ್ಪು ಅಂಟು, ಅಗ್ಗದ ವಸ್ತು. ಹೆಂಗಸರಿಗೂ ಅದರಿಂದ ಗುಣವಾಯಿತು. 1931ರಲ್ಲಿ ಆಕೆಯ ಲೇಖನ ಹೊರಬಂತು.

ಲೂಸಿ ವಿಲ್ಸಳನ್ನು ನಾನು ದೊಡ್ಡವಳೆಂದು ಎಣಿಸುವುದು ಮಾರ್ಮೈಟಿಗಾಗಿ ಅಷ್ಟೇ ಅಲ್ಲ. ಈ ಹೆಂಗಸರ ರಕ್ತವೂ ಮಾರಕ ರಕ್ತಹೀನತೆಯವರ ರಕ್ತವೂ ಸೂಕ್ಷ್ಮದರ್ಶಕದಲ್ಲಿ ಒಂದೇ ಸಮನಾಗಿ ಕಾಣುತ್ತಿದ್ದವು. ಎರಡೂ ಒಂದೇ ರೋಗ ಎಂದು ಸುಮ್ಮನಾಗಬಹುದಿತ್ತು. ಆಕೆ ಸುಮ್ಮನಾಗಲಿಲ್ಲ. ಅಡಿಸನ್ನನ ರೋಗಿಗಳಿಗೆ ನರಗಳೂ ಕೆಡುತ್ತಿದ್ದವು, ಈ ಹೆಂಗಸರಿಗೆ ಕೆಟ್ಟಿರಲಿಲ್ಲ. ಅಡಿಸನ್ನನ ರೋಗಿಗಳನ್ನು ಉಳಿಸುತ್ತಿದ್ದ ಶುದ್ಧೀಕರಿಸಿದ ಯಕೃತ್ತಿನ ಸಾರ ಈ ಹೆಂಗಸರಲ್ಲಿ ಕೆಲಸ ಮಾಡಲಿಲ್ಲ. ಶುದ್ಧೀಕರಿಸದ ಸಾರ ಮಾಡಿತು. ಮುಖ ಒಂದೇ, ರೋಗ ಎರಡು ಎಂಬುದು ಹೀಗೆ ಗೊತ್ತಾಯಿತು.

ಲೂಸಿಯ ವಸ್ತುವಿಗೆ ರೂಪ ಕೊಟ್ಟವರು ಬೇರೆಯವರು. 1941ರಲ್ಲಿ ಟೆಕ್ಸಸಿನ ವಿಜ್ಞಾನಿಗಳು ನಾಲ್ಕು ಟನ್ನು ಪಾಲಕ್ ಸೊಪ್ಪನ್ನು ಅರೆದು ಅದನ್ನು ಹೊರತೆಗೆದು, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಕರೆದರು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ್ದು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯ ತಂಡ. ಅದರ ಮುಖ್ಯಸ್ಥರು ಭೀಮವರದಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯ ಓದಿದ ಯಲ್ಲಾಪ್ರಗಡ ಸುಬ್ಬರಾವ್. ಗ್ರಹಣಿ ರೋಗ ಅವರ ಸೋದರನನ್ನು ಬಲಿ ತೆಗೆದುಕೊಂಡಿತ್ತು, ಅವರನ್ನೂ ಪೀಡಿಸಿತ್ತು. ಆ ಗ್ರಹಣಿಗೂ ಫೋಲಿಕ್ ಆಮ್ಲ ಗುಣ ಕೊಡುತ್ತದೆಂದು ಬೇಗನೆ ತಿಳಿಯಿತು. ಇಂಥ ಸಾರ್ಥಕತೆ ಎಷ್ಟು ಜನರಿಗೆ ಲಭಿಸುತ್ತದೆ?

ಬೋನು ಹುಟ್ಟಿದ್ದು ಇಲ್ಲಿ. ಹೊಸ ಮಾತ್ರೆಯನ್ನು ಮಾರಕ ರಕ್ತಹೀನತೆಯವರಿಗೂ ಕೊಟ್ಟು ನೋಡಿದರು. ಅವರ ರಕ್ತವೂ ಏರಿತು! ಯಕೃತ್ತಿನ ಕಾಟ ತಪ್ಪಿತೆಂದು ಎಲ್ಲರಿಗೂ ಸಂತೋಷ. ಆದರೆ 1947ರ ಹೊತ್ತಿಗೆ ಒಂದೊಂದಾಗಿ ಕೆಟ್ಟ ಸುದ್ದಿಗಳು ಬಂದವು. ರಕ್ತ ಚೆನ್ನಾಗಿದ್ದ ರೋಗಿಗಳ ಕಾಲುಗಳು ಜೋಮು ಹಿಡಿಯುತ್ತಿದ್ದವು, ನಡಿಗೆ ತೊಡರುತ್ತಿತ್ತು. ಫೋಲಿಕ್ ಆಮ್ಲ ರಕ್ತದ ಕೊರತೆಯನ್ನು ಮರೆಮಾಡುತ್ತಿತ್ತು. ಮರೆಯಲ್ಲಿ ಬೆನ್ನುಹುರಿಯ ನರಗಳು ಸವೆಯುತ್ತಿದ್ದವು. ಮನೆಯ ಮುಂಭಾಗಕ್ಕೆ ಸುಣ್ಣ ಬಳಿದು, ಹಿಂದಿನ ತೊಲೆಯನ್ನು ಗೆದ್ದಲಿಗೆ ಬಿಟ್ಟ ಹಾಗಾಯಿತು.

ನಿಜವಾದ ವಸ್ತು 1948ರಲ್ಲಿ ಸಿಕ್ಕಿತು. ಅಮೆರಿಕದಲ್ಲಿ ಕಾರ್ಲ್ ಫೋಕರ್ಸ್, ಇಂಗ್ಲೆಂಡಿನಲ್ಲಿ ಲೆಸ್ಟರ್ ಸ್ಮಿತ್, ಇಬ್ಬರ ತಂಡಗಳೂ ಯಕೃತ್ತಿನಿಂದ ಕೆಂಪು ಹರಳನ್ನು ಬೇರ್ಪಡಿಸಿದವು. ಅದೇ ಬಿ-12 ಜೀವಸತ್ತ್ವ. ಅದರ ಕಣದ ನಡುವೆ ಕೋಬಾಲ್ಟ್ ಲೋಹವಿದೆ. ಅದರ ಜಟಿಲ ರಚನೆಯನ್ನು 1956ರಲ್ಲಿ ಬಿಡಿಸಿ ತೋರಿಸಿದ ಡೊರೊತಿ ಹಾಡ್ಜ್‌ಕಿನ್‌ಗೆ 1964ರಲ್ಲಿ ನೊಬೆಲ್ ಬಂತು. ದಿನಕ್ಕೆ ನಮಗೆ ಬೇಕಾದದ್ದು ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲು, ಅಷ್ಟೆ. ಆದರೆ ಅದನ್ನು ಯಾವ ಗಿಡವೂ ತಯಾರಿಸಲಾರದು. ತಯಾರಿಸುವವು ಸೂಕ್ಷ್ಮಜೀವಿಗಳು, ನಮಗೆ ದೊರೆಯುವುದು ಪ್ರಾಣಿಮೂಲದ ಆಹಾರದಿಂದ. ನನ್ನಂಥ ಸಸ್ಯಾಹಾರಿಗೆ ಹಾಲು ಮೊಸರುಗಳೇ ಗತಿ. ಸೊಪ್ಪುಸಾರಿನಿಂದ ಫೋಲಿಕ್ ಆಮ್ಲ ಬರುತ್ತದೆ, ಬಿ-12 ಬರುವುದಿಲ್ಲ.

ನನ್ನ ವಿಷಯದಲ್ಲಿ ಮೊಸರನ್ನೂ ದೂರುವಂತಿರಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ತಿಳಿದದ್ದು, ಕ್ಯಾಸಲ್ ಹುಡುಕಿದ ಆ ಸಾಗಣೆಯ ವಸ್ತುವೇ ನನ್ನ ಹೊಟ್ಟೆಯಲ್ಲಿ ಹುಟ್ಟುತ್ತಿಲ್ಲವೆಂದು. ನನ್ನ ದೇಹವೇ ತನ್ನ ಜಠರದ ಮೇಲೆ ಹಗೆ ಸಾಧಿಸುತ್ತಿದೆಯಂತೆ. ಏಕೆ ಎಂದು ಕೇಳಿದೆ. ಡಾಕ್ಟರು ಕೈಯಾಡಿಸಿ ನಕ್ಕರು. ಅಡಿಸನ್ನನಿಂದ ಇಲ್ಲಿಯವರೆಗೆ ಇಷ್ಟೆಲ್ಲ ತಿಳಿದಿದ್ದರೂ, ದೇಹ ತನ್ನ ಮೇಲೆ ತಾನೇ ಏಕೆ ತಿರುಗಿಬೀಳುತ್ತದೆ ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ.

ಆರಂಭದಲ್ಲಿ ದಿನ ಬಿಟ್ಟು ದಿನ, ಈಗ ಕೆಲವು ತಿಂಗಳಿಗೊಮ್ಮೆ ಆ ಕೆಂಪು ದ್ರವವನ್ನು ಸೂಜಿಯಲ್ಲಿ ಹಾಕಿಸಿಕೊಳ್ಳುತ್ತೇನೆ. ನಾಲಿಗೆಯ ಉರಿ ಹೋಯಿತು, ಮೆಟ್ಟಿಲು ಸಲೀಸು. ಎಡಪಾದದ ಬೆರಳುಗಳಲ್ಲಿ ಮಾತ್ರ ಜೋಮು ಉಳಿದೇಬಿಟ್ಟಿದೆ. ಪಾಯಸ ಉಂಡು ನಿಶ್ಚಿಂತನಾಗಿದ್ದ ಆ ದಿನಗಳ ಬಾಡಿಗೆ ಅದು.

ನನ್ನ ಷಡ್ಡಕರನ್ನು ನಾನು ದೂರುವುದಿಲ್ಲ. ಅವರ ಮಾತ್ರೆ ಸುಳ್ಳಲ್ಲ, ಎಷ್ಟೋ ತಾಯಂದಿರನ್ನು ಉಳಿಸಿದ ಮಾತ್ರೆ ಅದು. ಯಕೃತ್ತು, ಮಾರ್ಮೈಟ್ ಎರಡೂ ಮೊದಲು ಹೀಗೆಯೇ, ಕಾರಣ ತಿಳಿಯದೆ ತಿನ್ನಿಸಿದ ಪದಾರ್ಥಗಳು. ಆದರೆ ಮೈನಾಟ್ ತಿನ್ನಿಸಿದ ಮೇಲೆ ಎಣಿಸಿದ. ಲೂಸಿ ವಿಲ್ಸ್ ಗುಣ ಕಂಡ ಮೇಲೂ, ಯಾರಿಗೆ ಗುಣ, ಯಾವುದಕ್ಕೆ ಗುಣ ಎಂದು ಕೇಳಿದಳು. ನಾನು ಒಂದು ಅಂಕಿಯನ್ನು ನೋಡಿ, ಅದು ಏರಿತೆಂದು, ಪಾದಗಳ ಮಾತನ್ನು ಕೇಳುವುದನ್ನು ಬಿಟ್ಟೆ.

ಗೋಡೆಗೂಡಿಗೆ ದೇವರ ಪಟಗಳು ಮರಳಿ ಬಂದಿವೆ. ಲಾಲ್‌ಬಾಗಿಗೆ ಈಗಲೂ ಹೋಗುತ್ತೇನೆ. ಚಪ್ಪಲಿಗೆ ಬದಲಾಗಿ, ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ಸು ಹಾಕಿಕೊಂಡು.